ಐದು ಕೂಡಿಸು ಮೂರು

ಈ ವರ್ಷದ ಕಾಫಿ ಕೊಯ್ಲಿನಲ್ಲಿ ಒಂದೇ ಒಂದು ಫೋನ್ ಕರೆ ಮಾಡದೆ ತೋಟಕ್ಕೆ ಆಳು ಕರೆಸುತ್ತೇನೆ, ಬಾಳೂರಿನಿಂದ ಕಳಸದವರೆಗಿನ ತೋಟಗಾರರೆಲ್ಲ ಬಂದು ನನ್ನ ಲ್ಯಾಪ್‌ಟಾಪಿಗೆ ಕೈಮುಗಿಯುವ ಹಾಗೆ ಮಾಡುತ್ತೇನೆ ಎಂದು ಸೋಮಶೇಖರಪ್ಪನವರು ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅಡಿಗೆಮನೆಗೆ ಹೋಗಿ ಹೆಂಡತಿಗೆ ಹೇಳಿಯೇಬಿಟ್ಟರು!

“ಮಂಗಳಾ, ಇನ್ಮೇಲೆ ನೀನು ಪಾಪಮ್ಮನಿಗೆ ಫೋನ್ ಮಾಡೋದು ಬೇಡ. ಆ ಕೆಲಸ ಎಲ್ಲ ಪೈಥಾನ್ ನೋಡ್ಕೊಳತ್ತೆ.”

“ಯಾವ ಊರಿನ ಮೇಸ್ತ್ರಿ ಅವನು?” ಎಂದರು ಸರ್ವಮಂಗಳಾ, ಒಲೆಯಿಂದ ಕಣ್ಣು ತೆಗೆಯದೆ.

“ಮೇಸ್ತ್ರಿ ಅಲ್ವೇ! ಕಂಪ್ಯೂಟರಿಗೆ ಕೆಲಸ ಹೇಳೋ ಭಾಷೆ. ನಾವು ಹೇಳಿದ್ದನ್ನ ಚಾಚೂ ತಪ್ಪದೆ ಮಾಡತ್ತೆ. ಎದುರು ಮಾತಾಡಲ್ಲ.”

“ಎದುರು ಮಾತಾಡದೇ ಇರೋರ ಜೊತೆ ಬಾಳಿ ನಿಮಗೆ ಅಭ್ಯಾಸ ಇಲ್ಲ. ಹುಷಾರು ಮಾರಾಯ್ರೆ.”

ಪಾಪಮ್ಮ ಎಂದರೆ ಆ ಸುತ್ತಿನ ಕಾಫಿ ಕೊಯ್ಯುವವರ ಮೇಸ್ತ್ರಿ. ಯಾವ ತೋಟಕ್ಕೆ ಯಾವ ದಿನ ಎಷ್ಟು ಜನ ಎಂದು ತೀರ್ಮಾನಿಸಿ, ಬೆಳಗ್ಗೆ ಜೀಪು ಹತ್ತಿಸಿ ಕಳಿಸುವವಳು ಅವಳೇ. ಹಣ್ಣಿನ ಕಾಲದಲ್ಲಿ ಅವಳ ಫೋನ್ ಸಿಕ್ಕರೆ ದೇವರ ದರ್ಶನವಾದ ಹಾಗೆ. ಸರ್ವಮಂಗಳಾ ದಿನಾ ಸಂಜೆ ಅವಳಿಗೆ ಫೋನ್ ಮಾಡುತ್ತಿದ್ದರು. ಮಾತು ಪಾಪಮ್ಮನ ಮಂಡಿನೋವಿನಿಂದ ಶುರುವಾಗಿ, ಅವಳ ಮಗಳ ಬಾಣಂತನಕ್ಕೆ ಹೋಗಿ, ಕಾಡುಹಂದಿ ಅಗೆದು ಹಾಕಿದ ಗೆಣಸಿನ ಪಾತಿಯನ್ನು ಸುತ್ತಿ, ಕೊನೆಗೆ ಈಗ ತಾನೇ ನೆನಪಾದಂತೆ “ನಾಳೆಗೆ ಒಂದೆಂಟು ಜನ ಕಳ್ಸು ಮಾರಾಯ್ತಿ” ಎನ್ನುವಲ್ಲಿ ಮುಗಿಯುತ್ತಿತ್ತು. ಒಂದು ದಿನವೂ ಜನ ತಪ್ಪಿದ್ದಿಲ್ಲ. ಆದರೆ ಸೋಮಶೇಖರಪ್ಪನವರಿಗೆ ಆ ಮಂಡಿನೋವನ್ನು ಕೇಳಿ ಕೇಳಿ ತಲೆನೋವು ಬಂದಿತ್ತು. ಎಂಟು ಎನ್ನುವ ಒಂದು ಮಾತಿಗೆ ಇಷ್ಟು ಪುರಾಣ ಯಾಕೆ?

ಹಾಗಾಗಿ ಪೈಥಾನ್! ಫೋನಿನಲ್ಲಿ ಪಾಠದ ವೀಡಿಯೊ, ತೊಡೆಯ ಮೇಲೆ ಲ್ಯಾಪ್‌ಟಾಪ್, ಮೂಗಿನ ತುದಿಯಲ್ಲಿ ಕನ್ನಡಕ. ಮೊದಲ ಪಾಠವೇ ಆಪರೇಟರುಗಳು. ಕೂಡುವುದು, ಕಳೆಯುವುದು ಎಂದು ಕೇಳಿದ ಕೂಡಲೇ ಅವರಿಗೆ ನಗು ತಡೆಯಲಾಗಲಿಲ್ಲ. ಇಷ್ಟಕ್ಕೇನಾ ಜನ ಕಾಲೇಜಿಗೆ ಹೋಗಿ ವರ್ಷಗಟ್ಟಲೆ ಕೂರುವುದು! ಕಲಿತದ್ದನ್ನು ಕಲಿತ ಕ್ಷಣವೇ ಯಾರಿಗಾದರೂ ಕಲಿಸದಿದ್ದರೆ ಅವರಿಗೆ ಊಟ ಇಳಿಯುವುದಿಲ್ಲ. ಮನೆಯಲ್ಲಿ ಇದ್ದ ಶಿಷ್ಯೆ ಒಬ್ಬರೇ.

“ನೋಡು, ಗುಣಿಸೋದಕ್ಕೆ ನಕ್ಷತ್ರ. ಭಾಗಿಸೋದಕ್ಕೆ ಓರೆ ಗೀಟು. ಎರಡು ಓರೆ ಗೀಟು ಹಾಕಿದ್ರೆ ಪುಡಿಪುಡಿ ಎಲ್ಲ ಬಿಟ್ಟು ಪೂರ್ತಿ ಸಂಖ್ಯೆ ಮಾತ್ರ ಕೊಡತ್ತೆ. ಇನ್ನು ಶೇಕಡಾ ಚಿಹ್ನೆ ಇದೆಯಲ್ಲ, ಅದು ಇಲ್ಲಿ ಶೇಕಡಾ ಅಲ್ಲ! ಭಾಗಿಸಿದ ಮೇಲೆ ಉಳಿದದ್ದು ಎಷ್ಟು ಅಂತ ಹೇಳತ್ತೆ.”

“ಉಳಿದದ್ದಕ್ಕೂ ಒಂದು ಚಿಹ್ನೆ ಇದೆಯಾ? ಚೀಟಿ ಬರೆದು ಕೊಡಿ, ನಿನ್ನೆ ಸಾರಿನ ಪಾತ್ರೆಗೆ ಅಂಟಿಸ್ತೀನಿ.”

“ತಮಾಷೆ ಬೇಡ. ಒಂದು ಸಮ ಚಿಹ್ನೆ ಹಾಕಿದ್ರೆ ಅಪ್ಪಣೆ: ಇದನ್ನ ಹೀಗೇ ಇಟ್ಕೋ ಅಂತ. ಎರಡು ಹಾಕಿದ್ರೆ ಪ್ರಶ್ನೆ: ಇವೆರಡೂ ಒಂದೇನಾ ಅಂತ.”

“ಹಾಗಾದ್ರೆ ನಮ್ಮನೇಲಿ ನೀವು ಇಷ್ಟು ವರ್ಷ ಒಂದೇ ಹಾಕಿದ್ದು.”

ಸೋಮಶೇಖರಪ್ಪನವರು ಇದನ್ನು ಕೇಳಿಸಿಕೊಳ್ಳಲಿಲ್ಲ. “ಆಮೇಲೆ ಆಂಡ್, ಆರ್, ನಾಟ್. ಆಂಡ್ ಅಂದ್ರೆ ಎರಡೂ ಸರಿ ಇರ್ಬೇಕು. ಆರ್ ಅಂದ್ರೆ ಒಂದು ಸರಿ ಇದ್ರೂ ಸಾಕು. ನಾಟ್ ಅಂದ್ರೆ ಹೌದನ್ನ ಅಲ್ಲ ಮಾಡೋದು.”

“ಆ ಕೊನೇದು ನಮ್ಮಪ್ಪನಿಗೆ ಗೊತ್ತಿರ್ಬೇಕಿತ್ತು, ನೀವು ನನ್ನ ನೋಡ್ಲಿಕ್ಕೆ ಬಂದಾಗ.”

ಇಂಥ ಅಜ್ಞಾನದ ನಡುವೆಯೂ ವಿದ್ಯೆ ಬೆಳೆಯಿತು. ಕನ್ನಡದಲ್ಲೇ ಹೆಸರಿಟ್ಟು ಅವರು ಪ್ರೋಗ್ರಾಂ ಬರೆದರು. ‘ಜನ = ಮೇಲೆ + ಕೆಳಗೆ’. ಎಂದರೆ ಮೇಲಿನ ತೋಟಕ್ಕೆ ಬೇಕಾದವರು, ಹಳ್ಳದ ಬದಿಯ ಕೆಳಗಿನ ತೋಟಕ್ಕೆ ಬೇಕಾದವರು, ಎರಡನ್ನೂ ಕೂಡಿಸು. ‘ರೊಟ್ಟಿ = ಜನ * 3’. ಆಳಿಗಾಗಿ ಎಲ್ಲರೂ ಹೊಡೆದಾಡುವ ಈ ಕಾಲದಲ್ಲಿ, ಬಂದವರಿಗೆ ಬೆಳಗ್ಗೆ ಮೂರು ಅಕ್ಕಿ ರೊಟ್ಟಿ ಕೊಡುವ ವಾಡಿಕೆಯನ್ನು ಸರ್ವಮಂಗಳಾ ಇಟ್ಟುಕೊಂಡಿದ್ದರು. ಇನ್ನು ಜೀಪು. ಒಂದು ಜೀಪಿಗೆ ಹತ್ತು ಜನ. ಐದು ಮತ್ತು ಮೂರನ್ನು ಕೊಟ್ಟು ಪರೀಕ್ಷಿಸಿದರು. ಜನ ಎಂಟು. ಭೇಷ್! ರೊಟ್ಟಿ ಇಪ್ಪತ್ತನಾಲ್ಕು. ಭೇಷ್! ಜೀಪು ಸೊನ್ನೆ ಪಾಯಿಂಟ್ ಎಂಟು.

“ಆ ಪಾಯಿಂಟ್ ಎಂಟರಲ್ಲಿ ಸ್ಟೀರಿಂಗ್ ಇರತ್ತಾ?” ಎಂದು ಸರ್ವಮಂಗಳಾ ಹಿಂದಿನಿಂದ ಇಣುಕಿ ಕೇಳಿದರು.

ಅವರು ಹಲ್ಲು ಕಚ್ಚಿ ಎರಡು ಓರೆ ಗೀಟು ಹಾಕಿದರು. ಜೀಪು ಸೊನ್ನೆ ಎಂದು ಬಂತು. ಅದಕ್ಕೆ ಒಂದು ಕೂಡಿಸಿದರು. ಜೀಪು ಒಂದು! ಗೆದ್ದರು. ಲೆಕ್ಕ ಹಾಕಿ ಪಾಪಮ್ಮನ ಮೊಬೈಲಿಗೆ ತಾನೇ ಮೆಸೇಜು ಕಳಿಸುವ ಭಾಗವನ್ನು ಯಾವುದೋ ವೀಡಿಯೊ ನೋಡಿ ಅಂಟಿಸಿದರು. ಹೆಂಡತಿಗೂ ಒಂದು ಪ್ರತಿ ಹೋಗುವಂತೆ ಮಾಡಿದರು. ಮೆಸೇಜಿನ ಕೊನೆಗೆ “ಇದೇ ಅಂತಿಮ. ಯಾರೂ ಫೋನ್ ಮಾಡಬಾರದು” ಎಂದು ಸೇರಿಸಿದರು. ಮಂಡಿನೋವಿನ ಬಾಗಿಲಿಗೆ ಬೀಗ ಬಿತ್ತು.

ಇದೆಲ್ಲ ಆದದ್ದು ಬುಧವಾರ. ಗುರುವಾರ ಸಂಜೆಗೆ ಮಳೆ ಎಂದು ಹವಾಮಾನದವರು ಹೇಳಿದ್ದರು. ಡಿಸೆಂಬರಿನಲ್ಲಿ ಮಳೆ ಎಂದರೆ ಕಾಫಿ ಸೀಮೆಯಲ್ಲಿ ಯಾರ ಮುಖದಲ್ಲೂ ರಕ್ತವಿರುವುದಿಲ್ಲ. ಸೋಮಶೇಖರಪ್ಪನವರ ತೋಟದ ಹಣ್ಣು ಹೆಚ್ಚುಕಡಿಮೆ ಕೊಯ್ದಾಗಿತ್ತು. ಕಷ್ಟದಲ್ಲಿದ್ದವನು ಪಕ್ಕದ ತೋಟದ ಧರ್ಮೇಶ್, ಸರ್ವಮಂಗಳಾ ಅವರ ಸ್ವಂತ ತಮ್ಮ. ಅವನ ಅರೇಬಿಕಾ ಹಣ್ಣಾಗಿ ಕಪ್ಪಿಗೆ ತಿರುಗುತ್ತಿತ್ತು. ಒಂದು ಜೋರು ಮಳೆ ಬಿದ್ದರೆ ವರ್ಷದ ಬೆಳೆಯೆಲ್ಲ ಒಡೆದು ಗಿಡದ ಬುಡಕ್ಕೆ. ಎರಡು ವಾರ ಕಾಡಿ ಬೇಡಿದ ಮೇಲೆ ಪಾಪಮ್ಮ ಗುರುವಾರಕ್ಕೆ ಅವನಿಗೆ ನಲವತ್ತೈದು ಜನರನ್ನು ಒಪ್ಪಿಕೊಂಡಿದ್ದಳು.

“ನಾಳೆ ಧರ್ಮೇಶನ ಕುಯ್ಲು,” ಎಂದು ಸರ್ವಮಂಗಳಾ ಬೆರಳು ಎತ್ತಿ ಹೇಳಿದರು. “ಅವನ ಜನಕ್ಕೆ ಕೈ ಹಾಕಿದ್ರೆ ನಾನು ಸುಮ್ನಿರಲ್ಲ. ನಮಗೆ ಎಂಟು ಅಂದ್ರೆ ಎಂಟೇ.”

“ಪೈಥಾನ್ ಎಂಟು ಅಂದ್ರೆ ಎಂಟು! ನಿನ್ ಹಾಗೆ ‘ಒಂದೆಂಟು, ಹತ್ತು’ ಅನ್ನಲ್ಲ ಅದು.”

ಪ್ರೋಗ್ರಾಮನ್ನು ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸಂಜೆ ಅವರಿಗೊಂದು ಹೊಸ ಯೋಚನೆ ಬಂತು. ಐದು, ಮೂರು ಎಂದು ಪ್ರೋಗ್ರಾಮಿನೊಳಗೇ ಬರೆದಿಟ್ಟರೆ ದಿನಾ ಅಳಿಸಿ ಬರೆಯಬೇಕು. ಅದರ ಬದಲು ಯಂತ್ರವೇ ವಿನಯದಿಂದ “ಮೇಲಿನ ತೋಟಕ್ಕೆ ಎಷ್ಟು ಜನ?” ಎಂದು ಕೇಳಬೇಕು, ತಾವು ಗತ್ತಿನಿಂದ ಉತ್ತರ ಕುಟ್ಟಬೇಕು. ಹಾಗೇ ಬದಲಾಯಿಸಿದರು. ಅದು ಕೇಳಿತು. ಅವರು ಐದು ಎಂದರು. “ಕೆಳಗಿನ ತೋಟಕ್ಕೆ?” ಮೂರು ಎಂದರು. ಜೀಪಿನ ಸಾಲಿಗೆ ಬಂದ ಕೂಡಲೇ ಪರದೆಯ ಮೇಲೆ ಕೆಂಪು ಅಕ್ಷರಗಳು ಎದ್ದವು: ಇದು ಬರಹ, ಸಂಖ್ಯೆಯಲ್ಲ, ಇದನ್ನು ಭಾಗಿಸಲು ಬರುವುದಿಲ್ಲ. ವೀಡಿಯೊದಲ್ಲಿ ಹುಡುಕಿ, ಇದನ್ನು ಸಂಖ್ಯೆ ಎಂದು ತಿಳಿ ಎನ್ನುವ ‘ಇಂಟ್’ ಎಂಬ ಮಂತ್ರವನ್ನು ಆ ಒಂದು ಸಾಲಿಗೆ ಮಾತ್ರ ಹಾಕಿದರು. ಕೂಡಿಸುವ ಸಾಲು, ರೊಟ್ಟಿಯ ಸಾಲು ಚಕಾರ ಎತ್ತಿರಲಿಲ್ಲವಲ್ಲ, ಅವನ್ನು ಯಾಕೆ ಕೆಣಕಬೇಕು? ಮತ್ತೆ ಐದು, ಮತ್ತೆ ಮೂರು. ಈ ಸಲ ಕೆಂಪು ಇಲ್ಲ. “ಕಳಿಸಲಾಗಿದೆ” ಎಂದಷ್ಟೇ ಬಂತು. ಏನು ಕಳಿಸಲಾಗಿದೆ ಎಂದು ನೋಡುವ ಬುದ್ಧಿ ಅವರಿಗೆ ಬರಲಿಲ್ಲ. ಸರ್ವಮಂಗಳಾ ಗಂಡನ ಮೆಸೇಜುಗಳ ಸದ್ದನ್ನು ಅಡಗಿಸಿ ಆಗಲೇ ಎರಡು ದಿನವಾಗಿತ್ತು.

ಬೆಳಗ್ಗೆ ಸರ್ವಮಂಗಳಾ ಇಪ್ಪತ್ತನಾಲ್ಕನೆಯ ರೊಟ್ಟಿಯನ್ನು ಕಾವಲಿಯಿಂದ ತೆಗೆಯುತ್ತಿದ್ದಾಗ ರಸ್ತೆಯಲ್ಲಿ ಜೀಪಿನ ಸದ್ದು ಕೇಳಿಸಿತು. ಸೋಮಶೇಖರಪ್ಪನವರು ಎದೆಯುಬ್ಬಿಸಿ ಅಂಗಳಕ್ಕೆ ಬಂದು ನಿಂತರು. ಜೀಪು ಬಂತು. ಅದರ ಹಿಂದೆ ಇನ್ನೊಂದು ಬಂತು. ಅದರ ಹಿಂದೆ ಮತ್ತೊಂದು! ಅವರ ಎದೆ ಇಳಿಯತೊಡಗಿತು. ಆರನೆಯ ಜೀಪು ಕಣದಲ್ಲಿ ಜಾಗ ಸಿಗದೆ ಗೇಟಿನಲ್ಲೇ ನಿಂತಿತು. ಹೆಂಗಸರು, ಗಂಡಸರು, ಬುತ್ತಿ ಇಲ್ಲದ ಬರಿಗೈ, ಎಲ್ಲರ ಮುಖದಲ್ಲೂ ಮದುವೆಮನೆಯ ಕಳೆ.

“ಎಂಥದು ಪಾಪಮ್ಮ ಇದು?” ಮುಂದಿನ ಜೀಪಿನಿಂದ ಇಳಿದವಳನ್ನು ಅವರು ಕೇಳಿದರು.

“ಜನ ಸಾವ್ಕಾರ್ರೆ! ಐವತ್ಮೂರು ಅಂತ ಹಾಕಿದ್ರಲ್ಲ. ನನ್ ಹತ್ರ ಇರೋದೇ ನನ್ನೂ ಸೇರಿಸಿ ಐವತ್ಮೂರು. ಒಬ್ಬರನ್ನೂ ಬಿಡದೆ ಎಬ್ಬಿಸ್ಕೊಂಡು ಬಂದಿದೀನಿ.”

“ನಾನೆಲ್ಲಿ ಹಾಕಿದೆ ಐವತ್ಮೂರು!”

ಪಾಪಮ್ಮ ಸೆರಗಿನಿಂದ ಮೊಬೈಲ್ ಒರೆಸಿ ಮುಖಕ್ಕೆ ಹಿಡಿದಳು. ‘ನಾಳೆಗೆ ಜನ 53. ಜೀಪು 6. ರೊಟ್ಟಿ 535353. ಇದೇ ಅಂತಿಮ. ಯಾರೂ ಫೋನ್ ಮಾಡಬಾರದು.’

“ಈ ರೊಟ್ಟಿ ಲೆಕ್ಕ ಮಾತ್ರ ನಂಗೆ ಓದ್ಲಿಕ್ಕೆ ಆಗ್ಲಿಲ್ಲ ಸಾವ್ಕಾರ್ರೆ. ಸುಮಾರು ಇರ್ಬೇಕು, ಯಾರೂ ಬುತ್ತಿ ತರ್ಬೇಡಿ ಅಂತ ಹೇಳ್ಬಿಟ್ಟೆ.”

ಐದು ಲಕ್ಷದ ಮೂವತ್ತೈದು ಸಾವಿರದ ಮುನ್ನೂರ ಐವತ್ತಮೂರು ರೊಟ್ಟಿ! ಹೊರನಾಡು ದೇವಸ್ಥಾನದ ಊಟದ ಮನೆಯಲ್ಲೂ ಒಂದೇ ಹೊತ್ತಿಗೆ ಅಷ್ಟು ಬಡಿಸಿರಲಾರರು. ಸೋಮಶೇಖರಪ್ಪನವರು ಕಣದ ಕಟ್ಟೆ ಹಿಡಿದು ಕುಳಿತರು.

“ಧರ್ಮೇಶನಿಗೆ ಒಪ್ಪಿಕೊಂಡಿದ್ಯಲ್ಲೇ! ಒಂದು ಮಾತು ಕೇಳ್ಬಾರ್ದಾ?”

“ಫೋನ್ ಮಾಡ್ಬಾರ್ದು ಅಂತ ನೀವೇ ಹಾಕಿದೀರಿ. ಅವ್ರು ನಿಮ್ ಭಾಮೈದ. ಕಡೇ ಒಬ್ಬರವರೆಗೂ ಲೆಕ್ಕ ಹಾಕಿ ಕೇಳಿದೀರಿ ಅಂದ್ಮೇಲೆ ಇಬ್ರೂ ಕೂತು ಮಾತಾಡೇ ಕೇಳಿರ್ತೀರಿ ಅನ್ಕೊಂಡೆ.”

ಅಷ್ಟರಲ್ಲಿ ಸರ್ವಮಂಗಳಾ ಬಾಗಿಲಿಗೆ ಬಂದರು. ಅಂಗಳ ನೋಡಿದರು, ಜೀಪುಗಳನ್ನು ನೋಡಿದರು, ಕೊನೆಗೆ ಗಂಡನನ್ನು ನೋಡಿದರು. ಆ ಮೂರನೆಯ ನೋಟ ಬಹಳ ಹೊತ್ತು ಇತ್ತು.

“ರೀ.”

ಆ ಒಂದಕ್ಷರದಲ್ಲಿ ಏನೇನಿತ್ತು ಎಂದು ಮದುವೆಯಾದವರಿಗೆ ವಿವರಿಸಬೇಕಾಗಿಲ್ಲ.

“ಮಂಗಳಾ, ಅದು ಏನಾಗಿದೆ ಅಂದ್ರೆ...”

“ಆಮೇಲೆ. ಮೊದಲು ತೆಂಗಿನಕಾಯಿ ತುರೀರಿ.”

ಇಪ್ಪತ್ತನಾಲ್ಕು ರೊಟ್ಟಿ ಮೊದಲ ಜೀಪಿಗೂ ಸಾಲಲಿಲ್ಲ. ಅಕ್ಕಿ ಹಿಟ್ಟು ಖಾಲಿಯಾಯಿತು. ಹಬ್ಬದ ಕೊಪ್ಪರಿಗೆ ಅಟ್ಟದಿಂದ ಇಳಿಯಿತು. ಮನೆಯಲ್ಲಿದ್ದ ರವೆಯೆಲ್ಲ ಉಪ್ಪಿಟ್ಟಾಯಿತು. ಅದೂ ಸಾಲದೆ ಒಂದು ಜೀಪು ಕೊಟ್ಟಿಗೆಹಾರಕ್ಕೆ ಓಡಿ, ಹೋಟೆಲಿನಲ್ಲಿದ್ದ ನೀರುದೋಸೆಯನ್ನೆಲ್ಲ ಕಟ್ಟಿಸಿಕೊಂಡು ಬಂತು. “ರೊಟ್ಟಿ ಅಂದಿದ್ರಲ್ಲ?” ಎಂದು ಯಾರೋ ಹಿಂದಿನಿಂದ ಗೊಣಗಿದ್ದು ಸೋಮಶೇಖರಪ್ಪನವರಿಗೆ ಕೇಳಿಸಿತು. ಅವರು ತಲೆ ಎತ್ತದೆ ಕಾಯಿ ತುರಿದರು.

ಧರ್ಮೇಶನ ಬೈಕು ಬಂದದ್ದು ಆಗ. ಬೈಕನ್ನು ನಿಲ್ಲಿಸಲಿಲ್ಲ, ಹಾಗೇ ಮಲಗಿಸಿ ಬಂದ.

“ಭಾವ! ಬೆಳಗ್ಗೆಯಿಂದ ಗೇಟಲ್ಲಿ ನಿಂತಿದೀನಿ, ಒಂದು ನರಪಿಳ್ಳೆ ಇಲ್ಲ! ನೋಡಿದ್ರೆ ನನ್ ಜನ ಎಲ್ಲ ಇಲ್ಲಿ ಉಪ್ಪಿಟ್ಟು ತಿಂತಿದಾರೆ! ಮೊನ್ನೆ ಬೆಳೆಗಾರರ ಸಭೇಲಿ ‘ಬೇರೆಯವರ ಆಳು ಎಳೆಯೋನು ಮನುಷ್ಯನೇ ಅಲ್ಲ’ ಅಂತ ಮೈಕ್ ಹಿಡ್ಕೊಂಡು ಕೂಗಿದ್ದು ನೀವೇ ಅಲ್ವಾ?”

“ನಾನು ಎಳೀಲಿಲ್ಲ ಧರ್ಮೇಶ. ಕೂಡಿಸೋ ಆಪರೇಟರು ಎಳೀತು.”

“ಎಂಥ?”

“ನೋಡು, ಸಮಾಧಾನವಾಗಿ ಕೇಳು. ನಾನು ಐದು ಅಂತ ಒತ್ತಿದೆ, ಮೂರು ಅಂತ ಒತ್ತಿದೆ. ನಾವು ಒತ್ತಿದ್ದನ್ನ ಅದು ಸಂಖ್ಯೆ ಅಂತ ತಗೊಳಲ್ಲ, ಬರಹ ಅಂತ ತಗೊಳತ್ತೆ. ಬರಹಕ್ಕೆ ಬರಹ ಕೂಡಿಸು ಅಂದ್ರೆ ಪಕ್ಕ ಪಕ್ಕ ಅಂಟಿಸತ್ತೆ. ಐದರ ಪಕ್ಕ ಮೂರು, ಐವತ್ಮೂರು. ಬರಹನ ಮೂರರಿಂದ ಗುಣಿಸು ಅಂದ್ರೆ ಅದನ್ನೇ ಮೂರು ಸಲ ಬರೀತು. ಅದರ ಪ್ರಕಾರ ಅದು ಸರಿ.”

“ಐದಕ್ಕೆ ಮೂರು ಕೂಡಿಸಿದ್ರೆ ಎಂಟು ಅಂತ ಅಂಗನವಾಡಿ ಮಕ್ಕಳಿಗೂ ಗೊತ್ತು ಭಾವ!”

“ಮಕ್ಕಳಿಗೆ ಗೊತ್ತು ಮಾರಾಯ. ಇದಕ್ಕೆ ಗೊತ್ತಿಲ್ಲ.”

ಧರ್ಮೇಶ್ ಕೂಗುತ್ತಿದ್ದವನು ತಟಕ್ಕನೆ ನಿಂತ. ಚಾರ್ಮಾಡಿಯ ಕಡೆಯಿಂದ ಮೋಡ ಏರುತ್ತಿತ್ತು. ಅವನು ಅದನ್ನೇ ನೋಡಿದ. ಅವನ ಮುಖ ನೋಡಿ ಸೋಮಶೇಖರಪ್ಪನವರು ಕಾಯಿ ತುರಿಯುವುದನ್ನು ನಿಲ್ಲಿಸಿದರು. ಬೈಸಿಕೊಳ್ಳುವುದು ಅವರಿಗೆ ಹೊಸದಲ್ಲ. ಆದರೆ ಇದು ಒಬ್ಬನ ವರ್ಷದ ಬೆಳೆ. ತಮ್ಮ ಗತ್ತಿಗಾಗಿ ಅದು ನೆಲದ ಪಾಲಾಗುವುದರಲ್ಲಿತ್ತು. ನಿಜವಾಗಿಯೂ ನಾಚಿಕೆಯಾಯಿತು.

ಸರ್ವಮಂಗಳಾ ಕೈ ತೊಳೆದು ಸೆರಗಿಗೆ ಒರೆಸಿಕೊಂಡರು. “ಪಾಪಮ್ಮ, ತಿಂದವರು ಜೀಪು ಹತ್ತಲಿ. ಎಲ್ಲರೂ ಧರ್ಮೇಶನ ತೋಟಕ್ಕೆ. ಇಲ್ಲಿ ಒಬ್ರೂ ಬೇಡ.”

“ನಮ್ಮ ಎಂಟು ಜನ?” ಎಂದು ಸೋಮಶೇಖರಪ್ಪನವರು ಮೆಲ್ಲಗೆ ಕೇಳಿದರು. ಕೇಳಬಾರದಿತ್ತು. ಹೆಂಡತಿ ತಿರುಗಿ ನೋಡಿದ ಕೂಡಲೇ “ನಾನೂ ಹೋಗ್ತೀನಿ ಕುಯ್ಲಿಗೆ” ಎಂದರು. ಅಷ್ಟಕ್ಕೇ ನಿಲ್ಲಿಸುವ ಜಾತಕ ಅವರದಲ್ಲ. “ಕಾಫಿ ಮಣ್ಣಲ್ಲಿ ಹುಟ್ಟಿದೋನು ನಾನು. ಇಬ್ಬರು ಕುಯ್ಯೋದನ್ನ ಒಬ್ಬನೇ ಕುಯ್ದು ಈ ತಪ್ಪು ತೀರಿಸ್ತೀನಿ, ನೋಡ್ತಿರು ಧರ್ಮೇಶ!”

ಆರು ಜೀಪುಗಳು ಧೂಳೆಬ್ಬಿಸಿ ಹೊರಟವು. ಧರ್ಮೇಶನ ತೋಟದಲ್ಲಿ ಎಲ್ಲರೂ ಸೊಂಟಕ್ಕೆ ಚೀಲ ಕಟ್ಟಿ ಸಾಲು ಹಿಡಿದರು. ಪಕ್ಕದ ಹೆಂಗಸರ ಕೈ ಕೊಂಬೆಯ ಮೇಲೆ ಒಮ್ಮೆ ಸರಿದರೆ ಹಣ್ಣು ಚೀಲದಲ್ಲಿರುತ್ತಿತ್ತು. ಸೋಮಶೇಖರಪ್ಪನವರ ಕೈ ಸರಿದರೆ ಎಲೆ, ಕಡ್ಡಿ, ಕಾಯಿ, ಜೊತೆಗೆ ಒಂದು ಚಗಳಿ ಗೂಡು! ಗೂಡಿನ ಕೆಂಪಿರುವೆಗಳೆಲ್ಲ ಒಟ್ಟಾಗಿ ಅವರ ಅಂಗಿಯೊಳಗೆ ಹೊಕ್ಕವು. ಅವರು ಕುಣಿದ ಕುಣಿತಕ್ಕೆ ಒಂದು ಗಿಡದ ನಾಲ್ಕಾರು ಹಣ್ಣು ತಾವಾಗಿಯೇ ಉದುರಿದವು. ಅವರು ಬಗ್ಗಿ ಅವನ್ನು ಆರಿಸಿಕೊಂಡು, ಆ ಗಿಡ ತಮ್ಮ ಪಾಲಿಗೆ ಮುಗಿಯಿತು ಎಂದು ಮುಂದಕ್ಕೆ ಹೋದರು.

“ಭಾವ, ಹಣ್ಣು ಕುಯ್ರಿ, ಕಾಯಿ ಅಲ್ಲ!” ಎಂದು ಧರ್ಮೇಶ್ ಎರಡು ಸಾಲಿನಾಚೆಯಿಂದ ಕೂಗಿದ.

“ಕೆಂಪಿದ್ರೆ ಆಂಡ್ ಮೆತ್ತಗಿದ್ರೆ ಮಾತ್ರ ಕುಯ್ತಿದೀನಿ ಕಣೋ!”

“ದಯವಿಟ್ಟು ಅದನ್ನ ಇಲ್ಲಿಗೆ ತರ್ಬೇಡಿ ಭಾವ! ಕೈ ಮುಗೀತೀನಿ!”

ಮಧ್ಯಾಹ್ನ ಕಳೆಯಿತು. ಬಿಸಿಲು ಸತ್ತಿತು. ಗಾಳಿ ತಣ್ಣಗಾದಾಗ ಪಾಪಮ್ಮ ಎಲ್ಲರನ್ನೂ ಗದರಿಸಿ ಓಡಾಡಿದಳು. ಸರ್ವಮಂಗಳಾ ತಾವೇ ಚೀಲದ ಬಾಯಿ ಕಟ್ಟಲು ನಿಂತರು. ಕೊನೆಯ ಸಾಲಿನ ಕೊನೆಯ ಗಿಡ ಬರಿದಾಗಿ, ಕೊನೆಯ ಚೀಲ ಶೆಡ್ಡಿನ ಒಳಗೆ ಬೀಳುವುದಕ್ಕೂ ಮೊದಲ ದಪ್ಪ ಹನಿಗಳು ತಗಡಿನ ಮೇಲೆ ಬೀಳುವುದಕ್ಕೂ ಸರಿಹೋಯಿತು. ಆಮೇಲೆ ಮಳೆ ಧೋ ಎಂದು ಸುರಿಯಿತು. ಅದು ಸುರಿದ ರೀತಿ ನೋಡಿ ಧರ್ಮೇಶ್ ಚೀಲದ ರಾಶಿಯ ಮೇಲೆ ಕುಸಿದು ಕುಳಿತು, ಎರಡು ಕೈಯಲ್ಲೂ ಮುಖ ಉಜ್ಜಿಕೊಂಡು, ನಗತೊಡಗಿದ. ನಲವತ್ತೈದೇ ಜನ ಬಂದಿದ್ದರೆ ಅರ್ಧ ಎಕರೆ ಗಿಡದಲ್ಲೇ ಉಳಿಯುತ್ತಿತ್ತು ಎಂದು ಅವನೇ ಒಪ್ಪಿಕೊಂಡ.

ಸೋಮಶೇಖರಪ್ಪನವರ ಬಾಗಿದ ಬೆನ್ನು ಕೂಡಲೇ ನೆಟ್ಟಗಾಯಿತು. “ನೋಡಿದ್ಯಾ ಮಂಗಳಾ? ಒಂದು ರೀತೀಲಿ ಲೆಕ್ಕ ಹಾಕಿದ್ರೆ, ಇವತ್ತು ಈ ಬೆಳೆ ಉಳಿಸಿದ್ದು ಪೈಥಾನ್. ಅದೂ ಅಲ್ದೆ ನಾನೂ ಕುಯ್ದಿದೀನಿ.” ಹೀಗೆಂದು ತಮ್ಮ ಚೀಲವನ್ನು ಹೆಮ್ಮೆಯಿಂದ ನೆಲಕ್ಕೆ ಸುರಿದರು. ಎಲೆ ಹಾರಿಹೋಯಿತು. ಧರ್ಮೇಶ್ ಬಗ್ಗಿ ಕಡ್ಡಿಯನ್ನೂ ಹಸಿರು ಕಾಯಿಯನ್ನೂ ಒಂದು ಪಕ್ಕಕ್ಕೆ ಮಾಡಿದ. ಇನ್ನೊಂದು ಪಕ್ಕದಲ್ಲಿ ಒಂದು ಹಿಡಿ ಹಣ್ಣು ಉಳಿಯಿತು. ಮಗುವಿನ ಹಿಡಿ.

ಆಗ ಧರ್ಮೇಶನ ಹೆಂಡತಿ ರಜನಿ ಅಡಿಗೆಮನೆಯ ಬಾಗಿಲಿನಿಂದ ಕೂಗಿ ಕೇಳಿದಳು. ಒಳಗಿನಿಂದ ಬಿಸಿ ಬೆಲ್ಲದ ಕಾಫಿಯ ಘಮ ಬರುತ್ತಿತ್ತು. “ಅತ್ತಿಗೆ, ಎಲ್ಲರಿಗೂ ಕಾಫಿ ಮಾಡಿದೀನಿ. ಕೆಲಸ ಮಾಡಿದೋರು ಎಷ್ಟು ಜನ ಆದ್ರು?”

“ನಾವು ಐವತ್ಮೂರು ಅಮ್ಮಾರೆ,” ಎಂದಳು ಪಾಪಮ್ಮ. “ಈ ಸಾವ್ಕಾರ್ರನ್ನೂ ಕೂಡಿಸಿದ್ರೆ...”

ಸರ್ವಮಂಗಳಾ ನೆಲದ ಮೇಲಿದ್ದ ಆ ಒಂದು ಹಿಡಿಯನ್ನು ನೋಡಿದರು.

“ಕೂಡಿಸಿದ್ರೂ ಐವತ್ಮೂರೇ.”

ರಜನಿ ಎಣಿಸಿ ಐವತ್ತಮೂರು ಲೋಟ ತಂದಳು. ಒಂದೊಂದೇ ಲೋಟ ಒಬ್ಬೊಬ್ಬರ ಕೈಗೆ ಹೋಯಿತು, ಕೊನೆಯದು ಪಾಪಮ್ಮನ ಕೈಗೆ. ಸೋಮಶೇಖರಪ್ಪನವರು ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಇರುವೆ ಕಚ್ಚಿದ ಜಾಗವನ್ನು ಕೆರೆದುಕೊಂಡರು.